ರೈಲು ನಿಲ್ಲಿಸಲಿ, ತಾಳ ತಪ್ಪದಿರಲಿ

ಪ್ರಶ್ನೆ: ನಾವು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವವರು, ಊರು ಕುಂದಾಪುರದ ಕಡೆ. ಮಗಳು ಒಂಬತ್ತನೇ ತರಗತಿ. ಅನಿಮೇಷನ್ ಸೂಪರ್‌ಹೀರೊ ಸಿನಿಮಾ ಎಂದರೆ ಊಟ ಬಿಟ್ಟು ಕೂರುತ್ತಾಳೆ. ಮೊನ್ನೆ ಒಬ್ಬ ಹೀರೊ ಬರಿಗೈಯಲ್ಲಿ ರೈಲು ನಿಲ್ಲಿಸಿದಾಗ ‘ಅಷ್ಟು ಶಕ್ತಿ ಯಾರಿಗಿರುತ್ತದೆ ಮಾರಾಯ್ತಿ’ ಎಂದೆ. ‘ಅದು ಅವನ ಪವರ್ ಪಪ್ಪಾ, ಅದನ್ನೆಲ್ಲ ಕೇಳಬಾರದು’ ಎಂದಳು. ಅದೇ ಹುಡುಗಿ ಮರುದಿನ ಟಿವಿಯ ಇನ್ನೊಂದು ಕಾರ್ಟೂನಿನಲ್ಲಿ ಹೀರೊ ಒಂದು ಮಾಳಿಗೆಯಿಂದ ಪಕ್ಕದ ಮಾಳಿಗೆಗೆ ಹಾರಿದಾಗ ‘ಫೇಕ್’ ಎಂದು ಚಾನೆಲ್ ಬದಲಿಸಿದಳು! ಈ ಸಿನಿಮಾಗಳು ಭೌತಶಾಸ್ತ್ರದ ನಿಯಮಗಳನ್ನು ಹೇಗೆ ಬಗ್ಗಿಸುತ್ತವೆ? ಇದನ್ನೆಲ್ಲ ನೋಡಿ ಮಕ್ಕಳ ವಿಜ್ಞಾನ ಕೆಡುವುದಿಲ್ಲವೇ? ಗಾಳಿಯೇ ಇಲ್ಲದ ಕಡೆಯೂ ಹೀರೊನ ಬೆನ್ನಿಗೆ ಇಳಿಬಿಟ್ಟ ಬಟ್ಟೆ, ಅದೇ ಕೇಪ್, ಏಕೆ ಹಾರಾಡುತ್ತದೆ ಎಂದು ಮಗಳೂ ಕೇಳಿದ್ದಾಳೆ.

ಉತ್ತರ: ನಿಮ್ಮ ಮಗಳು ಚಾನೆಲ್ ಬದಲಿಸಿದಳಲ್ಲ, ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ. ರೈಲು ನಿಲ್ಲಿಸುವುದು ಮಾಳಿಗೆ ಹಾರುವುದಕ್ಕಿಂತ ಎಷ್ಟೋ ಪಾಲು ದೊಡ್ಡ ಸುಳ್ಳು. ದೊಡ್ಡದನ್ನು ಸಲೀಸಾಗಿ ನುಂಗಿದವಳಿಗೆ ಚಿಕ್ಕದು ಗಂಟಲಲ್ಲಿ ಸಿಕ್ಕಿಕೊಂಡಿತು. ಏಕೆಂದರೆ ರೈಲಿನ ಸುಳ್ಳನ್ನು ಹಿಡಿಯಲು ಕಾಗದ, ಪೆನ್ನು ಬೇಕು. ಜಿಗಿತದ ಸುಳ್ಳನ್ನು ಹಿಡಿಯಲು ಕಣ್ಣು ಸಾಕು. ಬೀಳುತ್ತ ಏಳುತ್ತ, ಚೆಂಡು ಎಸೆಯುತ್ತ ಬೆಳೆದವರಿಗೆ ಒಂದು ವಸ್ತು ಎಷ್ಟು ಹೊತ್ತಿನಲ್ಲಿ ಎಷ್ಟು ಬೀಳಬೇಕೆಂಬುದು ಪಾಠವಿಲ್ಲದೆ ಗೊತ್ತು. ಓಡುವ ರೈಲಿನಲ್ಲಿ ಎಷ್ಟು ಜೂಲ್ ಶಕ್ತಿ ಇದೆ ಎಂಬುದು ಯಾರ ಮೈಗೂ ಗೊತ್ತಿಲ್ಲ.

ಗೋರೆಗಾಂವ್, ಅಂಧೇರಿಯ ಸ್ಟುಡಿಯೊಗಳಿಗೆ ಕೆಲಸಕ್ಕೆ ಹೋಗುವ ಅನಿಮೇಷನ್ ವಿದ್ಯಾರ್ಥಿಗಳಿಗೆ ಚಲನೆಯ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕಸುಬು. ಅಲ್ಲಿ ಹುಡುಗರು ಮಾಡಿ ತಂದ ಶಾಟ್ ನೋಡಿದ ಸೂಪರ್‌ವೈಸರ್ ‘ಶಕ್ತಿಸಂರಕ್ಷಣೆ ಎಲ್ಲಿ ಹೋಯಿತು’ ಎಂದು ಯಾವತ್ತೂ ಕೇಳುವುದಿಲ್ಲ. ‘ವಜನ್ ನಹೀ ಹೈ’ ಎನ್ನುತ್ತಾರೆ, ಅಷ್ಟೆ. ಪಾತ್ರಕ್ಕೆ ತೂಕ ಬಂದಿಲ್ಲ, ಮತ್ತೆ ಮಾಡು. ಬೆಟ್ಟ ಎತ್ತುವ ಹೀರೊಗೂ ಇದೇ ಪರೀಕ್ಷೆ: ಬೆಟ್ಟ ಎತ್ತಬಹುದೇ ಎಂದು ಕೇಳುವವರಿಲ್ಲ, ಎತ್ತುವಾಗ ಸೊಂಟ ಬಾಗಿತೇ ಎಂದು ಕೇಳುತ್ತಾರೆ. ಈ ಶಿಸ್ತು ಮುಂಬಯಿಗೆ ಹೊಸದಲ್ಲ. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಇಲ್ಲಿನ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ಘಟಕಕ್ಕೆ ಬಂದು ತರಬೇತಿ ಕೊಟ್ಟರು. ಭಾರತೀಯ ಅನಿಮೇಷನ್ನಿನ ಪಿತಾಮಹ ಎನ್ನಿಸಿಕೊಂಡ ರಾಮ್ ಮೋಹನ್ ಪಳಗಿದ್ದು ಆ ಘಟಕದಲ್ಲೇ.

ಹಾಗಾಗಿ ನನ್ನ ಉತ್ತರ ಇದು: ಒಳ್ಳೆಯ ಅನಿಮೇಷನ್ ಲೆಕ್ಕಕ್ಕೆ ಮಾತ್ರ ಸಿಗುವ ನಿಯಮಗಳನ್ನು ಧಾರಾಳವಾಗಿ ಮುರಿಯುತ್ತದೆ, ಕಣ್ಣಿಗೆ, ಮೈಗೆ ಗೊತ್ತಿರುವ ನಿಯಮಗಳನ್ನು ಮಡಿಯಿಂದ ಪಾಲಿಸುತ್ತದೆ. ಕುಂದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ನೋಡಿ, ಹನುಮಂತ ರಂಗದಲ್ಲಿ ಎರಡು ಸುತ್ತು ಹಾಕಿದರೆ ಸಮುದ್ರ ದಾಟಿದಂತೆಯೇ ಲೆಕ್ಕ. ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಚಂಡೆಯ ಪೆಟ್ಟಿಗೆ ಹೆಜ್ಜೆ ಕೂದಲೆಳೆಯಷ್ಟು ಹಿಂದೆ ಬಿದ್ದರೆ ಮುಂದಿನ ಸಾಲಿನ ಅಜ್ಜ ಅಲ್ಲೇ ಗೊಣಗುತ್ತಾರೆ.

ಈಗ ರೈಲು. ನಮ್ಮ ಫಾಸ್ಟ್ ಲೋಕಲನ್ನೇ ತೆಗೆದುಕೊಳ್ಳೋಣ. 12 ಡಬ್ಬಿ, ಬಾಗಿಲಲ್ಲಿ ಜೋತುಬಿದ್ದವರೂ ಸೇರಿ ಒಟ್ಟು 800 ಟನ್ ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 100 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅದರ ಚಲನಶಕ್ತಿ 31 ಕೋಟಿ ಜೂಲಿನ ಆಸುಪಾಸು. ಮೋಟರ್‌ಮನ್ ಪ್ರತಿ ಸೆಕೆಂಡಿಗೆ ಒಂದೊಂದು ಮೀಟರಿನಂತೆ ವೇಗ ಇಳಿಸುತ್ತ ಬಂದರೆ ನಿಲ್ಲಲು 385 ಮೀಟರಿನಷ್ಟು ಹಳಿ ಬೇಕು. ಹೀರೊ ಅದನ್ನು 10 ಮೀಟರಿನಲ್ಲಿ ನಿಲ್ಲಿಸುತ್ತಾನೆ. ಅವನ ಅಂಗೈಗೆ ಬೀಳುವ ಬಲ ಸುಮಾರು 3 ಕೋಟಿ ನ್ಯೂಟನ್. ಮೂರು ಸಾವಿರ ಟನ್ನಿನ ಬಂಡೆ ಹೊತ್ತ ಹಾಗಾಯಿತು. ಅದನ್ನು ತಡೆಯುವ ಮೂಳೆ, ಸ್ನಾಯು ಅವನಿಗಿದೆ ಎಂದು ಒಪ್ಪಿಬಿಡೋಣ. ಅದೇ ಅವನ ಪವರ್. ಅದನ್ನು ಕೇಳಬಾರದು ಎಂದ ನಿಮ್ಮ ಮಗಳ ಮಾತು ಸರಿ.

ಆದರೆ ಪವರ್ ಇರುವುದು ಅವನ ಮೈಯಲ್ಲಿ, ಅವನ ಬೂಟಿನ ಕೆಳಗಿನ ನೆಲದಲ್ಲಲ್ಲ. 100 ಕಿಲೊ ತೂಕದ ಮನುಷ್ಯನ ಕಾಲಿಗೂ ನೆಲಕ್ಕೂ ನಡುವಿನ ಘರ್ಷಣೆ ಬಹಳವೆಂದರೆ 1,000 ನ್ಯೂಟನ್. ಬೇಕಾದದ್ದಕ್ಕಿಂತ ಮೂವತ್ತು ಸಾವಿರ ಪಟ್ಟು ಕಡಿಮೆ. ಹಾಗಾಗಿ ಆತ ಎಷ್ಟೇ ಬಲಶಾಲಿಯಾದರೂ ರೈಲು ಅವನನ್ನು ಮೂತಿಗೆ ಅಂಟಿಸಿಕೊಂಡೇ ಮುಂದೆ ಹೋಗುತ್ತದೆ. ಡೊಂಬಿವಲಿಯಲ್ಲಿ ಹಿಡಿದವನು ಮೈಗೆ ಒಂದು ಗೀರೂ ಇಲ್ಲದೆ ಕಲ್ಯಾಣದಲ್ಲಿ ಇಳಿಯುತ್ತಾನೆ! ಆದ್ದರಿಂದ ‘ಅಷ್ಟು ಶಕ್ತಿ ಯಾರಿಗಿದೆ’ ಎನ್ನುವ ಬದಲು ‘ಅಷ್ಟು ತೂಕ ಯಾರಿಗಿದೆ’ ಎಂದು ನೀವು ಕೇಳಬೇಕಿತ್ತು. ಸೂಪರ್‌ಹೀರೊ ಲೋಕದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಗುರುತ್ವವಲ್ಲ, ನ್ಯೂಟನ್ನನ ಮೂರನೇ ನಿಯಮ: ನೀವು ಎಷ್ಟು ಬಲದಿಂದ ತಳ್ಳುತ್ತೀರೋ ಅಷ್ಟೇ ಬಲ ನಿಮ್ಮನ್ನೂ ಹಿಂದಕ್ಕೆ ತಳ್ಳುತ್ತದೆ. ಗುದ್ದಿಸಿಕೊಂಡ ಖಳ ಐವತ್ತು ಮೀಟರ್ ಹಾರಿ ಗೋಡೆ ಒಡೆಯುತ್ತಾನೆ, ಗುದ್ದಿದವನು ಮಾತ್ರ ನಿಂತಲ್ಲೇ ನಿಂತಿರುತ್ತಾನೆ.

ಅನಿಮೇಟರ್‌ಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಹೀರೊನ ಹಿಮ್ಮಡಿ ನೆಲ ಸೀಳುತ್ತ ಹಿಂದೆ ಸರಿಯುತ್ತದೆ, ಹಳಿಯ ಕೆಳಗಿನ ಸ್ಲೀಪರ್‌ಗಳು ಒಂದೊಂದಾಗಿ ಮುರಿಯುತ್ತವೆ, ಎಂಜಿನ್ನಿನ ಮೂತಿ ಅಂಗೈ ಆಕಾರಕ್ಕೆ ನಗ್ಗುತ್ತದೆ. ಬಲ ಎಲ್ಲಿಗೋ ಹೋಯಿತು ಎಂದು ಕಣ್ಣಿಗೆ ಒಂದು ರಸೀದಿ ಸಿಕ್ಕರೆ ಸಾಕು, ಮೊತ್ತವನ್ನು ಅದು ಕೂಡಿಸಿ ನೋಡುವುದಿಲ್ಲ. ಬ್ರ್ಯಾಡ್ ಬರ್ಡ್ ನಿರ್ದೇಶಿಸಿದ ಪಿಕ್ಸಾರ್‌ನ ‘ದಿ ಇನ್‌ಕ್ರೆಡಿಬಲ್ಸ್’ (2004) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲೂ ಹೀರೊ ರೈಲು ನಿಲ್ಲಿಸುತ್ತಾನೆ. ಗಾಯಗೊಂಡ ಪ್ರಯಾಣಿಕರು ಅವನ ಮೇಲೆಯೇ ದಾವೆ ಹೂಡುತ್ತಾರೆ. ಅದು ಬರೀ ತಮಾಷೆಯಲ್ಲ. ನಮ್ಮ ಲೋಕಲ್ 10 ಮೀಟರಿನಲ್ಲಿ ನಿಂತರೆ ಒಳಗಿರುವ ಪ್ರತಿಯೊಬ್ಬನೂ ತನ್ನ ತೂಕದ ನಾಲ್ಕು ಪಟ್ಟು ಬಲಕ್ಕೆ ಸಿಗುತ್ತಾನೆ. ಹಿಡಿಕೆ ಹಿಡಿದು ನಿಂತವರ ಗತಿ ಊಹಿಸಿ. ಹೀರೊನ ಕಾಲಿನ ಕೆಳಗೆ ಮುರಿದ ನಿಯಮವನ್ನು ಆ ಸಿನಿಮಾ ಡಬ್ಬಿಯ ಒಳಗೆ ಪಾಲಿಸಿತು. ಕಥೆಯ ಇಡೀ ತಿರುವು ನಿಂತಿರುವುದೇ ಅಂಥ ಮೊಕದ್ದಮೆಗಳ ಮೇಲೆ.

ಬೀಳುವವರನ್ನು ಹಿಡಿಯುವ ದೃಶ್ಯಗಳಿಗೂ ಇದೇ ಲೆಕ್ಕ. ಇದಕ್ಕೆ ಸೂತ್ರ ಬೇಡ, ಒಂದು ಭಾಗಾಕಾರ ಸಾಕು: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. 20 ಮಹಡಿ, ಅಂದರೆ 60 ಮೀಟರ್ ಬಿದ್ದವಳನ್ನು ಹೀರೊ ಚಾಚಿದ ತೋಳಲ್ಲಿ ಅರ್ಧ ಮೀಟರಿನೊಳಗೆ ನಿಲ್ಲಿಸಿದರೆ 60 ಭಾಗಿಸು ಅರ್ಧ, 120. ಗುರುತ್ವದ 120 ಪಟ್ಟು ಪೆಟ್ಟು. ಫುಟ್‌ಪಾತಿಗೆ ಬಿದ್ದಿದ್ದರೂ, ಅವನ ತೋಳಿಗೆ ಬಿದ್ದರೂ ಅವಳ ಪಾಲಿಗೆ ದೊಡ್ಡ ವ್ಯತ್ಯಾಸವಿಲ್ಲ. ಅದೇ ಆರು ಮೀಟರ್ ಇಳಿಯುತ್ತ ಇಳಿಯುತ್ತ ನಿಲ್ಲಿಸಿದರೆ 10 ಪಟ್ಟು, ಬದುಕುತ್ತಾಳೆ. ಗೋಕುಲಾಷ್ಟಮಿಯ ಮರುದಿನ ದಾದರಿನಲ್ಲೋ ಠಾಣೆಯಲ್ಲೋ ಮೊಸರುಕುಡಿಕೆ ಒಡೆಯಲು ಎಂಟು ಅಂತಸ್ತಾಗಿ ಏರಿ ನಿಂತವರು ಕುಸಿಯುವುದನ್ನು ನೋಡಿದ್ದೀರಲ್ಲ? ಕೆಳಗಿರುವ ಗೋವಿಂದರು ಕೈ ಎತ್ತಿ ಹಿಡಿಯುತ್ತಾರೆ, ಹಿಡಿದೊಡನೆ ಕೈಯನ್ನೂ ಮೈಯನ್ನೂ ಕೆಳಕ್ಕೆ ಬಿಡುತ್ತಾರೆ. ನಿಲ್ಲುವ ದೂರ ಹೆಚ್ಚಿಸುವ ಆ ವಿದ್ಯೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಸ್ಪೈಡರ್-ಮ್ಯಾನ್ ಕಥೆಗಳಲ್ಲಿ 1973ರಷ್ಟು ಹಿಂದೆಯೇ ಇದೊಂದು ದುರಂತವಾಗಿ ಬಂದಿದೆ: ಸೇತುವೆಯಿಂದ ಬೀಳುತ್ತಿದ್ದ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಅವನ ಬಲೆ ಹಿಡಿಯಿತು, ಥಟ್ಟನೆ ಹಿಡಿದದ್ದೇ ಅವಳ ಕುತ್ತಿಗೆಗೆ ಮುಳುವಾಯಿತು. ಇವತ್ತಿನ ಅನಿಮೇಷನ್ನಿನಲ್ಲಿ ಬಲೆ ರಬ್ಬರಿನಂತೆ ಎಳೆದು ಜಗ್ಗುವುದು ಕಂಡರೆ, ಯಾರೋ ಆ ಭಾಗಾಕಾರ ಮಾಡಿದ್ದಾರೆ ಎಂದು ತಿಳಿಯಿರಿ.

ಅದೇ ಭಾಗಾಕಾರವನ್ನು ತಿರುಗಿಸಿದರೆ ಜಿಗಿತ. 1938ರಲ್ಲಿ ಕಾಮಿಕ್ ಪುಸ್ತಕದಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ. 20 ಮಹಡಿಯ ಕಟ್ಟಡ ದಾಟುವಷ್ಟು. ಮಂಡಿ ಬಗ್ಗಿಸಿ ಎದ್ದು ನಿಲ್ಲುವ ಅರ್ಧ ಮೀಟರಿನಲ್ಲಿ 60 ಮೀಟರಿಗೆ ಬೇಕಾದ ವೇಗ ಗಳಿಸಬೇಕು. ಮತ್ತೆ 120 ಪಟ್ಟು. 80 ಕಿಲೊ ಆಳಾದರೆ ಎರಡು ಪಾದದ ಕೆಳಗೆ ಒಂಬತ್ತೂವರೆ ಟನ್ನಿಗೂ ಹೆಚ್ಚು. ಗಿರಗಾಂವಿನ ಹಳೇ ಚಾಳದ ಮಾಳಿಗೆಯಾದರೆ ಹೀರೊ ಮೇಲೆ ಹೋಗುವ ಮೊದಲು ಕೆಳಮನೆಯವರ ಅಡುಗೆಕೋಣೆಗೆ ಇಳಿದಿರುತ್ತಾನೆ.

1941ರಲ್ಲಿ ಫ್ಲೈಶರ್ ಸ್ಟುಡಿಯೊ ಸೂಪರ್‌ಮ್ಯಾನ್‌ನ ಕಾರ್ಟೂನ್ ಚಿತ್ರಗಳನ್ನು ಮಾಡಿತು. ಜಿಗಿತ ತೆರೆಯ ಮೇಲೆ ನಗೆಪಾಟಲಾಗಿ ಕಾಣುತ್ತದೆಂದು ಅವನನ್ನು ಹಾರಿಸಿದರು ಎಂಬುದು ಆ ಚಿತ್ರಗಳ ಬಗ್ಗೆ ಪ್ರಚಲಿತವಾಗಿರುವ ಮಾತು. ಏಕೆ ನಗೆಪಾಟಲು ಎಂದು ನಾನು ತರಗತಿಯಲ್ಲಿ ಲೆಕ್ಕ ಹಾಕಿಸುತ್ತೇನೆ. 60 ಮೀಟರ್ ಏರಲು ಮೂರೂವರೆ ಸೆಕೆಂಡ್, ಇಳಿಯಲು ಮೂರೂವರೆ. ಸೆಕೆಂಡಿಗೆ 24 ಫ್ರೇಮಿನಂತೆ (ಒಂದು ಫ್ರೇಮ್ ಎಂದರೆ ಒಂದು ಚಿತ್ರ) 168 ಫ್ರೇಮ್ ಹೊತ್ತು ಆಸಾಮಿ ಗಾಳಿಯಲ್ಲಿ ಕೈಕಾಲು ಆಡಿಸುತ್ತಿರಬೇಕು. ಬೇಗ ಮುಗಿಸಿದರೆ ತೂಕ ಹೋಗುತ್ತದೆ, ನಿಧಾನವಾಗಿ ತೋರಿಸಿದರೆ ಕಥೆ ನಿಲ್ಲುತ್ತದೆ. ಹಾರಾಟಕ್ಕೆ ಈ ತಾಪತ್ರಯವೇ ಇಲ್ಲ. ಜಿಗಿಯುವ ಮನುಷ್ಯನನ್ನು ಎಲ್ಲರೂ ನೋಡಿದ್ದಾರೆ, ಹಾರುವ ಮನುಷ್ಯನನ್ನು ಯಾರೂ ನೋಡಿಲ್ಲ. ತಾಳೆ ಹಾಕಲು ಕಣ್ಣಿನ ಹತ್ತಿರ ಏನೂ ಇಲ್ಲ. ಭೌತಶಾಸ್ತ್ರದ ದೃಷ್ಟಿಯಲ್ಲಿ ಇನ್ನೂ ದೊಡ್ಡ ಅಪರಾಧ, ಪ್ರೇಕ್ಷಕನ ದೃಷ್ಟಿಯಲ್ಲಿ ಚಿಕ್ಕದು.

ನಿಮ್ಮ ಮಗಳಿಗೆ ಫೇಕ್ ಎನ್ನಿಸಿದ ಜಿಗಿತ ಬಹುಶಃ ಇದೇ ಜಾತಿಯದು. ಅಗ್ಗದ ಕಾರ್ಟೂನಿನಲ್ಲಿ ಹೀರೊ ಹೊರಟ ಜಾಗ, ತಲುಪುವ ಜಾಗ ಎರಡನ್ನು ಗುರುತು ಮಾಡಿ ನಡುವಿನದ್ದನ್ನು ಕಂಪ್ಯೂಟರಿಗೆ ಬಿಟ್ಟುಬಿಡುತ್ತಾರೆ. ಕೈಯಾಡಿಸದೆ ಬಿಟ್ಟರೆ ಅದು ಫ್ರೇಮಿಗೆ ಇಷ್ಟಿಷ್ಟೇ ಎಂದು ಸಮಪಾಲು ಹಂಚಿಬಿಡುವುದುಂಟು. ಪ್ರಕೃತಿ ಹಾಗೆ ಹಂಚುವುದಿಲ್ಲ. ಗೆಲಿಲಿಯೊ ಕಂಡುಕೊಂಡಂತೆ, ಬೀಳುವ ವಸ್ತು ಸಮ ಅವಧಿಗಳಲ್ಲಿ ಕ್ರಮಿಸುವ ದೂರ 1, 3, 5, 7 ಎಂದು ಬೆಸಸಂಖ್ಯೆಯಲ್ಲಿ ಬೆಳೆಯುತ್ತದೆ. 24 ಫ್ರೇಮಿನ ಲೆಕ್ಕದಲ್ಲಿ ಮೊದಲ ಆರು ಫ್ರೇಮಿಗೆ 31 ಸೆಂಟಿಮೀಟರ್, ಮುಂದಿನ ಆರಕ್ಕೆ 92, ಆಮೇಲೆ 153, ಆಮೇಲೆ 214. ಸೆಕೆಂಡ್ ಮುಗಿಯುವಾಗ 4.9 ಮೀಟರ್. ಮೇಲಕ್ಕೆ ಹೋಗುವಾಗ ಇದೇ ಉಲ್ಟಾ. ಆದ್ದರಿಂದಲೇ ಜಿಗಿದವನು ತನ್ನ ಒಟ್ಟು ಸಮಯದ ಸರಿಯಾಗಿ ಅರ್ಧವನ್ನು ಎತ್ತರದ ಕೊನೆಯ ಕಾಲುಭಾಗದಲ್ಲೇ ಕಳೆಯುತ್ತಾನೆ. ಒಳ್ಳೆಯ ಅನಿಮೇಟರ್ ಆ ತುದಿಯ ತೇಲಾಟವನ್ನು ಇನ್ನಷ್ಟು ಎಳೆಯುತ್ತಾನೆ, ಇಳಿಯುವಾಗ ಇನ್ನಷ್ಟು ಚುರುಕು ಮಾಡುತ್ತಾನೆ. ನಿಯಮ ಬಗ್ಗಿತು, ಆದರೆ ಬಗ್ಗಿದ್ದು ಅದು ಮೊದಲೇ ಬಾಗಿದ್ದ ಕಡೆಗೆ. ಅದಕ್ಕೇ ನಾವು ನಂಬುತ್ತೇವೆ.

ಇದರ ಅತಿ ಚೆಂದದ ಉದಾಹರಣೆ ಬಲೆ ಹಿಡಿದು ತೂಗುವುದು. 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಕನ್ನಡಕ್ಕೂ ಡಬ್ ಆಗಿತ್ತು, ನೋಡಿರಬಹುದು. ಅದರಲ್ಲಿ ಮುಂಬಯಿಯನ್ನೂ ಮ್ಯಾನ್‌ಹಟನ್ನನ್ನೂ ಕಲಸಿದ ‘ಮುಂಬ್ಯಾಟನ್’ ಎಂಬ ನಗರವಿದೆ. ಥರದ ಮೇಲೆ ಥರ, ರಸ್ತೆಯ ಮೇಲೆ ರಸ್ತೆ. ಅಲ್ಲಿನ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರ್ ಅಟ್ಟದಿಂದ ಅಟ್ಟಕ್ಕೆ ತೂಗುತ್ತ ಹೋಗುತ್ತಾನೆ. 40 ಮೀಟರ್ ಉದ್ದದ ಬಲೆ ಎಂದುಕೊಳ್ಳಿ, ಅಡ್ಡಡ್ಡ ಚಾಚಿದ ಸ್ಥಿತಿಯಿಂದ ಜಾರಿಬಿಟ್ಟ. ತಳಕ್ಕೆ ಬಂದಾಗ ವೇಗ ಸೆಕೆಂಡಿಗೆ 28 ಮೀಟರ್. ಅದೇ ನಮ್ಮ ಫಾಸ್ಟ್ ಲೋಕಲಿನ ವೇಗ. ತೋಳಿನ ಮೇಲೆ ಬೀಳುವ ಭಾರ ಅವನ ತೂಕದ ಮೂರು ಪಟ್ಟು. ಈ ‘ಮೂರು ಪಟ್ಟು’ ನನಗೆ ಬಹಳ ಇಷ್ಟದ ಸಂಗತಿ, ಏಕೆಂದರೆ ಇದಕ್ಕೂ ಬಲೆಯ ಉದ್ದಕ್ಕೂ ಸಂಬಂಧವೇ ಇಲ್ಲ. ನಾಲ್ಕು ಮೀಟರಿನ ಹಗ್ಗವಾದರೂ ಮೂರೇ, ನಾನೂರು ಮೀಟರಾದರೂ ಮೂರೇ. 60 ಕಿಲೊ ಹುಡುಗನಿಗೆ 180 ಕಿಲೊ. ಒಂದೇ ಕೈಯಲ್ಲಿ ತಡೆಯುವುದು ಕಷ್ಟ. ಆದರೆ ಅದು ಸೂಪರ್‌ಹೀರೊ ಕಷ್ಟವಲ್ಲ, ಪೈಲ್ವಾನನ ಕಷ್ಟ.

ಸಿನಿಮಾ ಇಲ್ಲಿ ಕದಿಯುವುದು ಸಮಯವನ್ನು. 40 ಮೀಟರಿನ ಲೋಲಕ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಏಳು ಸೆಕೆಂಡ್ ದಾಟುತ್ತದೆ. ತೆರೆಯ ಮೇಲೆ ಏಳು ಸೆಕೆಂಡ್ ಎಂದರೆ ಒಂದು ಯುಗ. ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಹಾಗೆ ತೂಗಬೇಕಾದರೆ ಗುರುತ್ವ ಹನ್ನೆರಡು ಪಟ್ಟಿಗೂ ಹೆಚ್ಚಿರಬೇಕು. ನಮಗೆ ಗೊತ್ತೇ ಆಗುವುದಿಲ್ಲ. ಏಕೆ? ಕಮಾನು ಸರಿಯಿದೆ, ತಳದಲ್ಲಿ ವೇಗ ಹೆಚ್ಚು, ತುದಿಯಲ್ಲಿ ಕಡಿಮೆ ಎಂಬ ಅನುಪಾತ ಸರಿಯಿದೆ; ತಳ ದಾಟುವಾಗ ಮೈ ಉದ್ದಕ್ಕೆ ಎಳೆದುಕೊಳ್ಳುತ್ತದೆ, ತುದಿಯಲ್ಲಿ ಮುದುಡುತ್ತದೆ. ಇಡೀ ರಾಗವನ್ನು ದ್ರುತಕ್ಕೆ ಏರಿಸಿದ್ದಾರೆ, ಸ್ವರ ತಪ್ಪಿಸಿಲ್ಲ.

ಇದರ ಹಿಂದಿನ ಸಿನಿಮಾದಲ್ಲಿ, 2018ರ ‘ಇನ್‌ಟು ದ ಸ್ಪೈಡರ್-ವರ್ಸ್’ನಲ್ಲಿ, ಈ ಆಟ ಇನ್ನೂ ಸೂಕ್ಷ್ಮ. ಕಾಡಿನಲ್ಲಿ ಮೈಲ್ಸ್ ಎಂಬ ಹುಡುಗ ತೂಗಲು ಕಲಿಯುವ ದೃಶ್ಯವಿದೆ, ಜೊತೆಯಲ್ಲಿ ಪಳಗಿದ ಸ್ಪೈಡರ್-ಮ್ಯಾನ್ ಪೀಟರ್. ಪೀಟರ್‌ಗೆ ಪ್ರತಿ ಫ್ರೇಮಿಗೂ ಹೊಸ ಭಂಗಿ, ಸೆಕೆಂಡಿಗೆ 24. ಮೈಲ್ಸ್‌ಗೆ ಎರಡು ಫ್ರೇಮಿಗೊಂದು, ಸೆಕೆಂಡಿಗೆ 12. ಕಸುಬಿನವರು ‘ಆನ್ ಟೂಸ್’ ಎನ್ನುವುದು ಇದಕ್ಕೇ. ಒಂದೇ ಕಾಡು, ಒಂದೇ ಗುರುತ್ವ, ಆದರೆ ಇಬ್ಬರ ಕಾಲ ಬೇರೆ ಬೇರೆ ತುಂಡುಗಳಾಗಿ ಓಡುತ್ತದೆ. ಹುಡುಗ ಎಡವಟ್ಟು ಎಂದು ಯಾರೂ ಹೇಳಬೇಕಾಗಿಲ್ಲ, ಕಣ್ಣಿಗೇ ತಿಳಿಯುತ್ತದೆ. ಕಲಿತ ಮೇಲೆ ಅವನ ಚಲನೆಯೂ ನುಣುಪಾಗುತ್ತದೆ. ಕ್ಯಾಮೆರಾದಲ್ಲಿ ವೇಗದ ವಸ್ತು ಮಸುಕಾಗಿ ಮೂಡುವುದುಂಟಲ್ಲ, ಆ ಮಸುಕನ್ನೂ ಈ ಸಿನಿಮಾದಲ್ಲಿ ದೂರವಿಟ್ಟು, ಉದ್ದಕ್ಕೆ ಹಿಗ್ಗಿಸಿದ ಕೈಕಾಲು, ಒಂದರ ಪಕ್ಕ ಒಂದು ಬರೆದ ಗೆರೆಗಳಿಂದ ವೇಗ ತೋರಿಸಿದರು. ಆ ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಹೀರೊಗೆ ನಾಲ್ಕು ತೋಳು ಕಂಡರೂ ಆಶ್ಚರ್ಯವಿಲ್ಲ.

ದೇಹ ಹಿಗ್ಗುವ, ಕುಗ್ಗುವ ಪಾತ್ರಗಳ ವಿಷಯದಲ್ಲಿ ಅನಿಮೇಟರ್‌ಗಳು ನಮಗಿಂತ ಕಟ್ಟುನಿಟ್ಟು. ಭೌತಶಾಸ್ತ್ರದವರಿಗೆ ಶಕ್ತಿ ಉಳಿಯಬೇಕು, ಅವರಿಗೆ ಗಾತ್ರ ಉಳಿಯಬೇಕು: ಚಪ್ಪಟೆಯಾದ ಚೆಂಡು ಅಗಲವಾಗಲೇಬೇಕು, ಉದ್ದವಾದದ್ದು ಸಣಕಲಾಗಲೇಬೇಕು. ‘ಇನ್‌ಕ್ರೆಡಿಬಲ್ಸ್’ನ ತಾಯಿ ಎಲಾಸ್ಟಿಗರ್ಲ್‌ಗೆ 60 ಕಿಲೊ ಎಂದಿಟ್ಟುಕೊಂಡರೆ ಅವಳ ಗಾತ್ರ 60 ಲೀಟರಿನಷ್ಟು. 30 ಮೀಟರ್ ಉದ್ದಕ್ಕೆ ಎಳೆದರೆ 5 ಸೆಂಟಿಮೀಟರ್ ದಪ್ಪದ ಹಗ್ಗ. ವಿಮಾನ ಒಡೆದಾಗ ಇಬ್ಬರು ಮಕ್ಕಳನ್ನು ಹಿಡಿದು ಅವಳೇ ಪ್ಯಾರಾಶೂಟ್ ಆಗುತ್ತಾಳೆ. 50 ಚದರ ಮೀಟರ್ ಹರಡಿಕೊಂಡಳು ಎಂದರೆ ದಪ್ಪ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಮೂವರ ತೂಕ 120 ಕಿಲೊ ಎಂದು ಹಿಡಿದರೆ ಇಳಿಯುವ ವೇಗ ಸೆಕೆಂಡಿಗೆ 5 ಮೀಟರ್ ಚಿಲ್ಲರೆ. ನಿಜವಾದ ಪ್ಯಾರಾಶೂಟಿನ ವೇಗವೂ ಹೆಚ್ಚುಕಡಿಮೆ ಅಷ್ಟೇ! ಚರ್ಮ ಹರಿಯದಿದ್ದರೆ ದೃಶ್ಯ ಪಾಸು.

ದೈತ್ಯಾಕಾರ ತಾಳುವವರದು ಬೇರೆ ಸಂಕಟ. ವಿ. ಜಿ. ಸಾಮಂತ್ ನಿರ್ದೇಶನದ 2005ರ ‘ಹನುಮಾನ್’ ಸಿನಿಮಾದಿಂದ ಹಿಡಿದು ಎಲ್ಲ ಕಡೆಯೂ ಹೀರೊ ಬೆಳೆಯುತ್ತಾನೆ. ಹತ್ತು ಪಟ್ಟು ಎತ್ತರವಾದರೆ ತೂಕ ಸಾವಿರ ಪಟ್ಟು, ಮೂಳೆಯ ಅಡ್ಡಕೊಯ್ತ ಬರೀ ನೂರು ಪಟ್ಟು. ಕಾಲು ಮುರಿಯಬೇಕು ಎಂದು ಗೆಲಿಲಿಯೊ 1638ರಲ್ಲೇ ಬರೆದಿಟ್ಟ. ‘ತೂಕ ಹೆಚ್ಚುವುದಿಲ್ಲ, ಎತ್ತರ ಮಾತ್ರ’ ಎಂದು ವಾದಿಸಿದರೆ ಸಾಂದ್ರತೆ ಸಾವಿರದಲ್ಲೊಂದು ಪಾಲಾಗಿ, ಗಾಳಿಗಿಂತ ಹಗುರವಾಗಿ ಮೇಲೆ ತೇಲಿಹೋಗುತ್ತಾನೆ. ದೈವದ ಮಾತು ಬೇರೆ, ಅಲ್ಲಿ ನಾನು ಕೈಹಾಕುವುದಿಲ್ಲ. ಅನಿಮೇಟರ್ ಮಾತ್ರ ಒಂದನ್ನು ಪಾಲಿಸಲೇಬೇಕು: ಒಂಬತ್ತು ಪಟ್ಟು ದೊಡ್ಡವನ ಹೆಜ್ಜೆ ಮೂರು ಪಟ್ಟು ನಿಧಾನವಾಗಿರಬೇಕು. ಇಲ್ಲದಿದ್ದರೆ ಅವನು ದೈತ್ಯನಲ್ಲ, ಆಟಿಕೆಯ ಊರಿನಲ್ಲಿ ನಡೆಯುತ್ತಿರುವ ಮಾಮೂಲಿ ಆಳು.

‘ಇನ್‌ಕ್ರೆಡಿಬಲ್ಸ್’ನಲ್ಲಿ ಬರುವ, ಮಂಜುಗಡ್ಡೆ ಸೃಷ್ಟಿಸುವ ಫ್ರೋಜೋನ್ ಎಂಬ ಪಾತ್ರಕ್ಕೆ ಮುಂಬಯಿ ಹೇಳಿಮಾಡಿಸಿದ ಊರು. ಅವನಿಗೆ ನೀರು ಗಾಳಿಯ ತೇವದಿಂದ ಬರಬೇಕು. ಜುಲೈ ತಿಂಗಳ 30 ಡಿಗ್ರಿಯ ಜಿಗುಟು ಗಾಳಿಯಲ್ಲಿ ಘನಮೀಟರಿಗೆ 24 ಗ್ರಾಂ ನೀರು ಸಿಕ್ಕೀತು. 400 ಘನಮೀಟರಿನ ಒಂದು ಸಭಾಂಗಣದಲ್ಲಿ ಒಂಬತ್ತೂವರೆ ಕಿಲೊ ಮಂಜು. ಏಪ್ರಿಲ್‌ನ ಪುಣೆಯಲ್ಲಾದರೆ ಪಾಪ, ಅರೆಹೊಟ್ಟೆ. ಉರಿಯುವ ಕಟ್ಟಡದಲ್ಲಿ ಸಿಕ್ಕಿಬಿದ್ದಾಗ ಗಾಳಿಯಲ್ಲಿ ನೀರೇ ಇಲ್ಲವೆಂದು ಅವನು ಗೋಳಿಡುವ ಮಾತು ಸಿನಿಮಾದಲ್ಲೇ ಇದೆ. ಸಿನಿಮಾ ಮರೆತದ್ದು ಶಾಖವನ್ನು. ಆವಿ ನೀರಾಗಿ, ನೀರು ಮಂಜಾಗುವಾಗ ಕಿಲೊಗೆ ಸುಮಾರು 28 ಲಕ್ಷ ಜೂಲ್ ಹೊರಬೀಳುತ್ತದೆ. ಅಷ್ಟೂ ಶಾಖ ಆ ಸಭಾಂಗಣದ ಗಾಳಿಗೇ ಸೇರಿದರೆ ಉಷ್ಣತೆ 50 ಡಿಗ್ರಿಗೂ ಮಿಕ್ಕಿ ಏರುತ್ತದೆ. ಮಂಜಿನ ವೀರ ಎಲ್ಲರನ್ನೂ ಬೇಯಿಸಿಬಿಡುತ್ತಾನೆ.

ನಮ್ಮ ಛೋಟಾ ಭೀಮನ ಲಾಡುವಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಒಂದು ಲಾಡು ತಿಂದರೆ ಅಷ್ಟು ಶಕ್ತಿ ಎಲ್ಲಿಂದ ಬಂದೀತು ಎಂದು ಅವನ ಮೇಲಿರುವ ಆರೋಪದಲ್ಲಿ ಹುರುಳಿಲ್ಲ. ಒಂದು ಲಾಡು 200 ಕಿಲೊಕ್ಯಾಲೊರಿ ಎಂದಿಟ್ಟುಕೊಳ್ಳಿ, ಎಂಟು ಲಕ್ಷ ಜೂಲಿಗೂ ಹೆಚ್ಚು. ಸ್ನಾಯು ಅದರ ಕಾಲುಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಿದರೂ ಐದು ಟನ್ ಆನೆಯನ್ನು ನಾಲ್ಕು ಮೀಟರ್ ಎತ್ತಲು ಸಾಕು. ಲಾಡುವಿನಲ್ಲಿ ಶಕ್ತಿಗೆ ಕೊರತೆಯೇ ಇಲ್ಲ. ಕೊರತೆ ಇರುವುದು ಹೊತ್ತಿಗೆ: ಸಾಮಾನ್ಯ ಮೈಯ 100 ವಾಟ್ ದರದಲ್ಲಿ, ಒಳ್ಳೆಯ ರಾಟೆ ಕಟ್ಟಿಕೊಂಡು, ಆ ಆನೆ ಮೇಲೇರಲು ಸುಮಾರು 33 ನಿಮಿಷ ಬೇಕು. ಭೀಮ ಅದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತಾನೆ. ಸೂಪರ್‌ಹೀರೊಗಳ ಎಷ್ಟೋ ಪವಾಡಗಳು ಹೀಗೆಯೇ ಶಕ್ತಿಯ ಪವಾಡಗಳಲ್ಲ, ಅವಸರದ ಪವಾಡಗಳು.

ಮಕ್ಕಳ ವಿಜ್ಞಾನ ಕೆಡುತ್ತದೆಯೇ ಎಂದರೆ, ನನ್ನ ಅನುಭವದಲ್ಲಿ ದೊಡ್ಡ ಸುಳ್ಳುಗಳಿಂದ ಯಾರಿಗೂ ಹಾನಿಯಿಲ್ಲ. ಬರಿಗೈಯಲ್ಲಿ ಲೋಕಲ್ ತಡೆಯಲು ಹೊರಟವರನ್ನು ನಾನು ಕಂಡಿಲ್ಲ. ಸುಳುವಾಗಿ ಒಳನುಸುಳುವುದು ಚಿಕ್ಕ ಸುಳ್ಳು. ಬಂಡೆಯಂಚು ದಾಟಿ ಓಡಿದವನು ಗಾಳಿಯಲ್ಲಿ ನಿಂತು, ಕೆಳಗೆ ನೋಡಿ, ಆಮೇಲೆ ನೆಟ್ಟಗೆ ಬೀಳುವ ಹಳೇ ಕಾರ್ಟೂನ್ ತಮಾಷೆ ಇದೆಯಲ್ಲ, ಅಂಥದ್ದು. ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಮೆಕ್ಲಾಸ್ಕಿ 1980ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ನಡೆಯುತ್ತಿರುವವನ ಕೈಯಿಂದ ಜಾರಿದ ಚೆಂಡು ನೇರ ಕೆಳಗೆ ಬೀಳುತ್ತದೆಂದು ನಂಬಿದವರು ಬಹಳ ಮಂದಿ ಸಿಕ್ಕರು. ನಿಜದಲ್ಲಿ ಅದು ಮುಂದಕ್ಕೆ ಸಾಗುತ್ತಲೇ ಬೀಳುತ್ತದೆ. ಈ ನಂಬಿಕೆಗೆ ಕಾರ್ಟೂನೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮೊದಲೇ ಇರುವ ತಪ್ಪಿಗೆ ಅದು ನೀರೆರೆಯುತ್ತದೆ.

ಪರಿಹಾರ ಸುಲಭ, ಖರ್ಚಿಲ್ಲದ್ದು. ಮಗಳ ಕೈಗೆ ಮೊಬೈಲ್ ಕೊಡಿ. ಗೋಡೆಗೆ ಅಳತೆಪಟ್ಟಿ ಅಂಟಿಸಿ, ನೀವು ಚೆಂಡು ಬಿಡಿ, ಅವಳು ವಿಡಿಯೊ ಮಾಡಲಿ, ಫ್ರೇಮ್ ಫ್ರೇಮಾಗಿ ನಿಲ್ಲಿಸಿ ಅಳೆಯಲಿ. ಆ 1, 3, 5, 7 ಅವಳ ಕೈಗೇ ಸಿಗುತ್ತದೆ. ಆಮೇಲೆ ಅವಳು ಫೇಕ್ ಎಂದ ಜಿಗಿತವನ್ನೂ, ಇಷ್ಟಪಟ್ಟ ಜಿಗಿತವನ್ನೂ ಹೀಗೆಯೇ ಅಳೆಯಲಿ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಕೈಯಿಂದ ಮುಟ್ಟಿ, ಆಡಿಸಿ ನೋಡುವ ಇನ್ನಷ್ಟು ಸಾಮಾನು ಸಿಗುತ್ತದೆ. ರಜೆ ದಿನ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಗದ್ದಲವಾಗಬಹುದು.

ಇನ್ನು ಕೇಪ್. ಗಾಳಿಯಿಲ್ಲದಾಗಲೂ ಅದು ಸ್ವಲ್ಪ ಹೊತ್ತು ಆಡುವುದು ನ್ಯಾಯವೇ: ಹೀರೊ ಥಟ್ಟನೆ ನಿಂತರೆ ಬಟ್ಟೆ ಥಟ್ಟನೆ ನಿಲ್ಲುವುದಿಲ್ಲ, ಜಡತ್ವದಿಂದ ಮುಂದೆ ಹೋಗಿ ವಾಪಸು ಬರುತ್ತದೆ. ಆದರೆ ಒಳಾಂಗಣದಲ್ಲಿ ನಿಂತ ಹೀರೊನ ಕೇಪ್ ನಿಮಿಷಗಟ್ಟಲೆ ಹಾರಾಡಿದರೆ ಅದು ಸ್ಟುಡಿಯೊದ ಗಾಳಿ. ಬಟ್ಟೆಯ ಚಲನೆಯನ್ನು ಕಂಪ್ಯೂಟರ್ ಲೆಕ್ಕ ಹಾಕಿ ಕೊಡುತ್ತದೆ, ಹುಡುಗರು ‘ಸಿಮ್’ ಎನ್ನುತ್ತಾರೆ. ಅದರಲ್ಲಿ ಗಾಳಿಯನ್ನು ಯಾವುದಕ್ಕೆ ಬೇಕೋ ಅದಕ್ಕೆ ಮಾತ್ರ ತಗಲಿಸಬಹುದು: ಕೇಪಿಗೊಂದು ಗಾಳಿ, ಕೂದಲಿಗೊಂದು, ಹಿಂದಿನ ಪರದೆಗೆ ಯಾವುದೂ ಇಲ್ಲ. ಕೇಪಿನ ಗುರುತ್ವವನ್ನೂ ಅರ್ಧಕ್ಕೆ ಇಳಿಸಬಹುದು. ಮುಂದಿನ ಸಲ ಅಂಥ ದೃಶ್ಯ ಬಂದಾಗ ಮಗಳು ಹೀರೊನನ್ನು ಬಿಟ್ಟು ಅವನ ಪಕ್ಕ ನಿಂತವರ ಕೂದಲು, ಮೇಜಿನ ಮೇಲಿನ ಕಾಗದ ನೋಡಲಿ. ಅವು ಅಲುಗದಿದ್ದರೆ ಗಾಳಿ ಬೀಸಿದ್ದು ಕೇಪಿಗೆ ಮಾತ್ರ.